ನಡುವಿನ ಸ್ವಿಚ್ಚಿನ ಮೇಲಿನ ಸುಣ್ಣ

ದೆವ್ವ, ಪಿಶಾಚಿ, ಸತ್ತವರ ಸುಳಿದಾಟ ಇಂಥವನ್ನು ನಾನು ನಂಬಿದವಳಲ್ಲ. ಧಾರವಾಡದಲ್ಲಿ ಹುಡುಗಿಯಾಗಿದ್ದಾಗ ಹಿರಿಯರು ಈ ಸುದ್ದಿ ತೆಗೆದರೆ ಎದ್ದು ಒಳಗೆ ಹೋಗಿಬಿಡುತ್ತಿದ್ದೆ. ಮದುವೆಯಾಗಿ ಮುಂಬಯಿಗೆ ಬಂದ ಮೇಲಂತೂ ಅದಕ್ಕೆಲ್ಲ ಪುರುಸೊತ್ತೇ ಇರಲಿಲ್ಲ; ಲೋಕಲ್‌ನಲ್ಲಿ ಎರಡೂ ಕಾಲೂರಲು ಜಾಗ ಸಿಕ್ಕರೆ ಸಾಕಾಗಿತ್ತು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕುರ್ಲಾದ ನಮ್ಮ ಮನೆಯ ಮೆಟ್ಟಿಲ ಮೇಲೆ ಆದದ್ದನ್ನು ನಾನು ನನ್ನ ಕೈಯಿಂದಲೇ ಮುಟ್ಟಿದ್ದೇನೆ. ಕೇಳಿದವರೆಲ್ಲ, ಹೆದರಿಕೆ ಆಗಲಿಲ್ಲವೇ ಎನ್ನುತ್ತಾರೆ. ಹೆದರುವುದಕ್ಕೂ ಮೊದಲು ನನಗೆ ಹೇಸಿಕೆಯಾಯಿತು.

ಅದು ನಮ್ಮ ಮಾವನವರು ಕಟ್ಟಿಸಿದ ಹಳೆಯ ಮನೆ. ಕೆಳಗೆ ಪಾತ್ರೆ ವ್ಯಾಪಾರಿಯೊಬ್ಬರ ಗೋದಾಮು. ನಡುವಿನ ಮಹಡಿಯಲ್ಲಿ ನಾನು, ನನ್ನ ಗಂಡ, ಅತ್ತೆ. ಮೇಲಿನ ಮಹಡಿಯಲ್ಲಿ ಗಂಡನ ಅಣ್ಣ, ಅಂದರೆ ನನ್ನ ಭಾವ, ಮತ್ತು ಅವರ ಹೆಂಡತಿ ಸುಮಿತ್ರಕ್ಕ. ಅವರಿಗೆ ಮಕ್ಕಳಿರಲಿಲ್ಲ. ಎರಡೂ ಪಕ್ಕದಲ್ಲಿ ಬೇರೆ ಬಿಲ್ಡಿಂಗುಗಳು ಒತ್ತಿಕೊಂಡು ನಿಂತಿದ್ದರಿಂದ ಮೆಟ್ಟಿಲಿಗೆ ಒಂದು ಕಿಟಕಿಯೂ ಇರಲಿಲ್ಲ. ಮಟಮಟ ಮಧ್ಯಾಹ್ನವೂ ಅಲ್ಲಿ ಕತ್ತಲೆ. ದೀಪಗಳಿದ್ದವು, ಆದರೆ ಎಲ್ಲಕ್ಕೂ ಸೇರಿ ಒಂದೇ ಸ್ವಿಚ್ಚು. ಅದು ಇದ್ದದ್ದು ಭಾವನವರ ಬಾಗಿಲ ಪಕ್ಕದಲ್ಲಿ. ಓಡಾಡುವವರಿಗೆಂದು ಸುಮಿತ್ರಕ್ಕ ಅದನ್ನು ಹಾಕಿಡುತ್ತಿದ್ದಳು.

ಭಾವ ಟ್ರಾನ್ಸ್‌ಪೋರ್ಟ್ ಕಂಪನಿಯೊಂದರಲ್ಲಿ ಗುಮಾಸ್ತರು. ಎದ್ದಾಗಿನಿಂದ ಮಲಗುವವರೆಗೆ ಅಂಗೈಯಲ್ಲಿ ತಂಬಾಕು, ಸುಣ್ಣ. ತಿಕ್ಕುವುದು, ತಟ್ಟುವುದು, ತುಟಿಯೊಳಗೆ ಇಡುವುದು, ಮೆಟ್ಟಿಲು ತಿರುಗುವ ಮೂಲೆಯಲ್ಲಿ ಖ್ಯಾಕರಿಸಿ ಉಗುಳುವುದು. ಆ ಮೂಲೆ ಕೆಂಪಗೆ, ಕಂದಾಗಿ, ಮಳೆಗಾಲದಲ್ಲಿ ಹಸಿಹಸಿಯಾಗಿ ನಾರುತ್ತಿತ್ತು. ಅದೇ ಬೆರಳಿಂದ ಗೋಡೆ, ಅದೇ ಬೆರಳಿಂದ ಕಟಕಟೆ, ಅದೇ ಬೆರಳಿಂದ ಸ್ವಿಚ್ಚು. ಸ್ವಿಚ್ಚಿನ ಮೇಲೆ ಸುಣ್ಣ ಹಕ್ಕಳೆಗಟ್ಟಿತ್ತು.

ತಾವು ಮೇಲೆ ಮುಟ್ಟಿದರೆ ಸರಿ, ಟಪ್ಪೆಂದು ದೀಪ ಆರಿಸಿಬಿಡುತ್ತಿದ್ದರು. ಹಿಂದೆ ಯಾರಾದರೂ ಹತ್ತುತ್ತಿದ್ದಾರೆಯೇ ಎಂದು ತಿರುಗಿ ನೋಡಿದವರಲ್ಲ. ಕೂಗಿದರೆ, "ಕಣ್ಣಿಲ್ಲೇನು?" ಎಂಬ ಉತ್ತರ. ಹಾಗೆ ಆರಿಸಿದ ಒಂದು ಸಂಜೆ ನಮ್ಮ ಅತ್ತೆ ಕಾಯಿಪಲ್ಲೆ ಚೀಲ ಹಿಡಿದು ಅರ್ಧ ಮೆಟ್ಟಿಲಲ್ಲಿದ್ದರು. ಬಿದ್ದು ಸೊಂಟದ ಎಲುಬು ಮುರಿಯಿತು. ಮತ್ತೆ ಅವರು ಹಾಸಿಗೆ ಬಿಟ್ಟು ಏಳಲಿಲ್ಲ. ಹೆತ್ತ ತಾಯಿಯನ್ನು ನೋಡಲು ಭಾವ ಕೆಳಗಿಳಿದು ಬಂದು, ಹೊಸ್ತಿಲಲ್ಲೇ ನಿಂತು, ತಂಬಾಕು ತಿಕ್ಕುತ್ತ, "ನೋಡಿ ಹತ್ತಬೇಕವ್ವಾ" ಅಂದು ಮೇಲೆ ಹೋದರು. ಅತ್ತೆ ಆ ಮಳೆಗಾಲ ದಾಟಲಿಲ್ಲ. ಮುಂದಿನ ಬೇಸಗೆಯಲ್ಲಿ ಭಾವನೂ ಆಫೀಸಿನಲ್ಲಿ ಕುರ್ಚಿಯ ಮೇಲೆಯೇ ಹೃದಯ ನಿಂತು ಹೋದರು. ಸುಳ್ಳು ಹೇಳುವುದಿಲ್ಲ, ನನಗೆ ಕಣ್ಣೀರು ಬರಲಿಲ್ಲ.

ದಿನಕರ್ಮಗಳೆಲ್ಲ ಮುಗಿದ ಮೇಲೆ ನಾನು ಮೊದಲು ಮಾಡಿಸಿದ ಕೆಲಸ ಮೆಟ್ಟಿಲ ದೀಪದ್ದು. ವಿಜಯಪುರ ಕಡೆಯ ದಸ್ತಗೀರ್ ಎಂಬ ಎಲೆಕ್ಟ್ರಿಷಿಯನ್ ನಮ್ಮ ಗಲ್ಲಿಯಲ್ಲೇ ಇದ್ದ. ಹಳೆಯ ವೈರು ಕಿತ್ತು ಹೊಸದು ಎಳೆದು ಮೂರು ಸ್ವಿಚ್ಚು ಹಾಕಿದ.

"ನೋಡ್ರಿ ಭಾಬಿ, ಕೆಳಗೊಂದು, ನಿಮ್ಮ ಬಾಗಲಕ್ಕೊಂದು, ಮ್ಯಾಲೊಂದು. ಯಾವುದು ಒತ್ತಿದ್ರೂ ಹತ್ತತದ, ಯಾವುದು ಒತ್ತಿದ್ರೂ ಆರತದ. ಇನ್ನ ಒಬ್ಬರದು ದಾದಾಗಿರಿ ನಡ್ಯಂಗಿಲ್ಲ" ಅಂದ.

ಉಗುಳಿನ ಮೂಲೆಯನ್ನು ಕೆರೆಸಿ, ಫಿನೈಲ್ ಹಾಕಿ ತೊಳೆಸಿ, ಬಣ್ಣ ಬಳಿಸಿದೆ. ಸುಮಿತ್ರಕ್ಕ ಮೇಲಿನ ಮೆಟ್ಟಿಲಲ್ಲಿ ಕೂತು ಎಲ್ಲ ನೋಡುತ್ತಿದ್ದಳು.

ಬಣ್ಣದ ವಾಸನೆ ಹೋಗುವ ಮೊದಲೇ, ಒಂದು ಬೆಳಿಗ್ಗೆ ನಮ್ಮ ಬಾಗಿಲ ಪಕ್ಕದ ಆ ನಡುವಿನ ಸ್ವಿಚ್ಚಿನ ಮೇಲೆ ಸುಣ್ಣ ಕಂಡಿತು. ಹಸಿ ಸುಣ್ಣ, ಅದರಲ್ಲಿ ತಂಬಾಕಿನ ಎಸಳು, ಒಂದು ಹೆಬ್ಬೆರಳಿನ ಗುರುತು. ಗೋದಾಮಿನ ಹಮಾಲರ ಕೆಲಸವೆಂದು ಹೋಗಿ ಜಗಳ ಕಾದೆ. "ಕಸಂ ಸೇ ಬಹೆನ್‌ಜೀ, ಊಪರ್ ಕೋಯಿ ನಹೀ ಆತಾ" ಎಂದು, ಮೇಲೆ ಯಾರೂ ಬರುವುದೇ ಇಲ್ಲವೆಂದು ಆಣೆ ಮಾಡಿ ಅವರು ಕೈ ಮುಗಿದರು. ಒರೆಸಿದೆ. ಎರಡು ದಿನ ಬಿಟ್ಟು ಮತ್ತೆ ಬಂತು. ಅದರ ಜೊತೆಗೆ ಇನ್ನೊಂದು ಕಾಟ ಶುರುವಾಯಿತು. ನಾನು ಅರ್ಧ ಮೆಟ್ಟಿಲು ಹತ್ತಿರುವಾಗ ದೀಪ ಟಪ್ಪೆಂದು ಆರುತ್ತಿತ್ತು. ಥೇಟ್ ಮೊದಲಿನ ಹಾಗೆಯೇ.

ದಸ್ತಗೀರ್ ಬಂದು ಮೂರೂ ಸ್ವಿಚ್ಚು ಬಿಚ್ಚಿ ನೋಡಿದ. "ಕನೆಕ್ಷನ್ ಎಲ್ಲಾ ಪಕ್ಕಾ ಅದ ಭಾಬಿ. ತಾನೇ ಆರೂದಿಲ್ಲ. ಯಾರರ ಒತ್ತಿರಬೇಕು" ಅಂದ. ಸುಣ್ಣ ತೋರಿಸಿದೆ. ಮೂಗು ಮುರಿದು, "ಯಾರೋ ತಿಂದು ಒತ್ಯಾರ" ಅಂದು, ಬಟ್ಟೆಯಿಂದ ಒರೆಸಿ ಹೋದ.

ಆ ಭಾನುವಾರ ನನ್ನ ಗಂಡ ಊರಲ್ಲಿರಲಿಲ್ಲ. ಗೋದಾಮಿಗೆ ರಜೆ, ಶಟರಿಗೆ ಬೀಗ. ನಾನು ವಿಲೆ ಪಾರ್ಲೆಯ ಗೆಳತಿಯ ಮನೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಮರಳಿದೆ. ಕೆಳಗಿನ ಸ್ವಿಚ್ಚು ಒತ್ತಿದೆ, ದೀಪ ಹತ್ತಿತು. ತಿರುವಿನವರೆಗೆ ಬಂದೆ, ಆರಿತು. ಸಿಟ್ಟು ನೆತ್ತಿಗೇರಿತು. ಗೋಡೆ ಸವರುತ್ತ ನಮ್ಮ ಬಾಗಿಲ ತನಕ ಹತ್ತಿ, ಸ್ವಿಚ್ಚು ಇರುವ ಕಡೆ ಕೈ ಚಾಚಿದೆ.

ಅಲ್ಲಿ ಆಗಲೇ ಒಂದು ಕೈ ಇತ್ತು.

ಇದನ್ನು ಬಣ್ಣ ಕಟ್ಟಿ ಹೇಳುತ್ತಿಲ್ಲ. ನನ್ನ ಅಂಗೈ ಕೆಳಗೆ ಬೆರಳುಗಳಿದ್ದವು. ದಪ್ಪನೆಯ, ತೊಯ್ದ, ಅಂಟಂಟು ಬೆರಳುಗಳು. ಉಗುರು ಕೈಗೆ ತಾಗಿತು. ನಾನು ಮುಟ್ಟಿದೆನೆಂದು ಆ ಕೈ ಸರಿಯಲಿಲ್ಲ, ಅಲ್ಲೇ ಕೂತಿತ್ತು. ತಂಬಾಕು ಬೆರೆತ ಉಸಿರಿನ ವಾಸನೆ ಮುಖಕ್ಕೆ ಬಡಿಯಿತು. ನಾನು ಕೈ ಕಿತ್ತುಕೊಂಡೆ. ಅಲ್ಲೇ, ಹೊಸ ಬಣ್ಣದ ಗೋಡೆಗೆ ಆತುಕೊಂಡು ವಾಂತಿ ಮಾಡಿಕೊಂಡೆ.

ಆಗ ಮೇಲಿನಿಂದ ಸುಮಿತ್ರಕ್ಕನ ದನಿ ಕೇಳಿತು. ಮನೆಯ ಮಾತಿನ ಹಾಗೆ, ಸಾವಕಾಶವಾಗಿ ಹೇಳಿದಳು:

"ಏನ್ರೀ, ದೀಪ ಹಾಕ್ರಿ. ತಂಗಿ ಬಂದಾಳ."

ಕತ್ತಲಲ್ಲಿ ನನ್ನ ಪಕ್ಕದಲ್ಲೇ ನಡುವಿನ ಸ್ವಿಚ್ಚು ಟಪ್ಪೆಂದಿತು. ದೀಪ ಹತ್ತಿತು. ಅಲ್ಲಿ ಯಾರೂ ಇರಲಿಲ್ಲ. ನನ್ನ ಅಂಗೈ ತುಂಬ ಸುಣ್ಣ ಮೆತ್ತಿತ್ತು. ತಲೆ ಎತ್ತಿ ನೋಡಿದೆ. ಸುಮಿತ್ರಕ್ಕ ಮೇಲಿನ ಮೆಟ್ಟಿಲುಗಳ ನಡುವೆ ನಿಂತಿದ್ದಳು. ಎರಡೂ ಕೈಗೆ ಮುಂಗೈವರೆಗೆ ಜೋಳದ ಹಿಟ್ಟು. ಅವಳ ಸ್ವಿಚ್ಚು ಬಾಗಿಲ ಪಕ್ಕದಲ್ಲಿ, ಅವಳಿಗೆ ನಿಲುಕದಷ್ಟು ಹಿಂದೆ ಇತ್ತು.

"ಅಕ್ಕಾ, ಯಾರ ಜೋಡಿ ಮಾತಾಡಿದಿ?" ಎಂದು ಕೂಗಿದೆ.

ಅವಳು ನನ್ನ ಕೈಯ ಸುಣ್ಣ ನೋಡಿದಳು. ಬೆಚ್ಚಲಿಲ್ಲ. ಮದುವಣಗಿತ್ತಿಯ ಹಾಗೆ ಮುಖ ತಗ್ಗಿಸಿ ನಕ್ಕಳು. ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಅವಳು ಹಾಗೆ ನಕ್ಕದ್ದನ್ನು ನಾನು ಕಂಡಿರಲಿಲ್ಲ.

"ಈಗೀಗ ನನ್ನ ಮಾತು ಕೇಳ್ತಾರವಾ" ಅಂದಳು.

ಬಟ್ಟೆ ತೊಳೆಯುವ ಸೋಪಿನಿಂದ ಕೈ ತಿಕ್ಕಿ ತಿಕ್ಕಿ ತೊಳೆದೆ. ಸುಣ್ಣ ಸುಟ್ಟು ಅಂಗೈ ಕೆಂಪಾಗಿತ್ತು. ಊರಿಂದ ಬಂದ ಗಂಡ ಎಲ್ಲ ಕೇಳಿ, ಗೋಡೆಯ ಹಸಿ ಅಂದರು, ಸ್ವಿಚ್ಚಿನ ಸ್ಪ್ರಿಂಗ್ ಸಡಿಲ ಅಂದರು, ನಿನಗೆ ಅಣ್ಣನ ಮೇಲೆ ಮೊದಲೇ ಸಿಟ್ಟಿತ್ತು ಅಂದರು. ಮೂರನೆಯದು ನಿಜ. ಆದರೆ ಸಿಟ್ಟಿಗೆ ಉಗುರು ಇರುವುದಿಲ್ಲ. ಆ ಸ್ವಿಚ್ಚು ಕೀಳಿಸೋಣವೆಂದರೆ ಸುಮಿತ್ರಕ್ಕ ಅಡ್ಡ ನಿಂತಳು. "ಅದೊಂದನ್ನರ ಬಿಡ್ರಿ" ಎಂದು ಅತ್ತಳು. ಕಡೆಗೆ ನಾವೇ ಪವಾಯಿಯಲ್ಲಿ ಬಾಡಿಗೆ ಮನೆ ಹಿಡಿದೆವು. ನಮ್ಮ ಜೊತೆ ಬಾ ಎಂದರೆ ಅವಳು ಬರಲಿಲ್ಲ.

ಹಬ್ಬಹುಣ್ಣಿಮೆಗೆ ಈಗಲೂ ಹೋಗುತ್ತೇನೆ. ಕೆಳಗಿನಿಂದಲೇ ಅವಳನ್ನು ಕೂಗುತ್ತೇನೆ, ಮೆಟ್ಟಿಲಲ್ಲಿ ಏನನ್ನೂ ಮುಟ್ಟುವುದಿಲ್ಲ. ಅವಳು ಮೈ ತುಂಬಿಕೊಂಡಿದ್ದಾಳೆ, ಮೊದಲಿಗಿಂತ ಹೆಚ್ಚು ಮಾತಾಡುತ್ತಾಳೆ. ಬದುಕಿದ್ದಾಗ ತಾಯಿಗೊಂದು ದೀಪ ಹಾಕದವನು ಸತ್ತ ಮೇಲೆ ಹೆಂಡತಿಯ ಮಾತು ಕೇಳುವವನಾದ ಎಂದು ಅವಳು ನಂಬಿದ್ದಾಳೆ. ಅವಳ ಎದುರು ಕೂತು ಊಟ ಮಾಡುವಾಗ ಒಂದು ಪ್ರಶ್ನೆ ನಾಲಿಗೆಯ ತುದಿಗೆ ಬರುತ್ತದೆ. ಹಾಕು ಅಂದರೆ ಹಾಕುತ್ತಾರೆ, ಸರಿ. ಅದಕ್ಕೂ ಮೊದಲು ಆರಿಸುವವರು ಯಾರು? ಅವಳ ಮುಖ ನೋಡಿ ಕೇಳದೆಯೇ ಎದ್ದು ಬರುತ್ತೇನೆ.