ಬೆನ್ನು ತಿರುಗಿಸಿ ಕೇಳುವ ವಜೀರುನ್ನಿಸಾ

ಬೆಳಗಿನ ಆರು ಗಂಟೆ. ಆಳಂದದ ಹೊರವಲಯದಲ್ಲಿರುವ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿ ಆಯಾ ವಜೀರುನ್ನಿಸಾ ಟೀಚರ ಮೈಕಿನ ಪಕ್ಕ ಅಲಾರಾಂ ಗಡಿಯಾರ ಇಡುತ್ತಾರೆ. ಮಗುವೊಂದರ ರಿಸೀವರ್ ಡಬ್ಬಿಯನ್ನು ತಮ್ಮ ಎದೆಗೆ ಕಟ್ಟಿ, ಅದರ ವೈರಿನ ತುದಿಯನ್ನು ಕಿವಿಗೆ ಸಿಕ್ಕಿಸಿ, ಗಡಿಯಾರಕ್ಕೆ ಬೆನ್ನು ಹಾಕಿ ಬೇವಿನ ಮರದವರೆಗೆ ನಡೆಯುತ್ತಾರೆ. ಟಿಕ್ ಟಿಕ್ ಕೇಳುತ್ತಲೇ ಇದ್ದರೆ ಡಬ್ಬಿ ಪಾಸು. ದಿನಕ್ಕೆ ಹದಿನಾಲ್ಕು ಡಬ್ಬಿ, ಹದಿನಾಲ್ಕು ಸಲ ಮರ.

ಇದು 1991. ಟೀಚರ ಮಾತನ್ನು ತಂತಿಯಿಲ್ಲದೆ ಮಕ್ಕಳ ಎದೆಗೆ ಮುಟ್ಟಿಸುವ ಈ ಯಂತ್ರ ದಾನವಾಗಿ ಬಂದು ಎರಡು ವರ್ಷವಾಗಿದೆ. ಕೆಟ್ಟರೆ ರಿಪೇರಿ ಮಾಡುವವರು ಗುಲ್ಬರ್ಗದಲ್ಲೂ ಇಲ್ಲ. ವಜೀರುನ್ನಿಸಾ ಓದಿದ್ದು ನಾಲ್ಕನೇ ಇಯತ್ತೆ. ಗಂಡ ತೀರಿದ ಮೇಲೆ ಹೊಲಿಗೆ ಯಂತ್ರ ತುಳಿದು ಬದುಕಿದವರು, ಆಮೇಲೆ ಇಲ್ಲಿ ಆಯಾ ಆದರು.

ಡಬ್ಬಿಗಳಿಗೆ ಬಟ್ಟೆಯ ಚೀಲ ಹೊಲಿದವರು ಅವರೇ. ಮಕ್ಕಳು ಜಗ್ಗುತ್ತಾರೆಂದು ಕಿವಿಗೆ ಹೋಗುವ ವೈರಿನ ಹೆಚ್ಚಿನ ಉದ್ದವನ್ನು ಸುರುಳಿ ಸುತ್ತಿ ಚೀಲದೊಳಗೇ ಹೊಲಿದುಬಿಟ್ಟರು. ಎಲ್ಲರೂ ಮೆಚ್ಚಿದರು. ಆ ವೈರೇ ಮೈಕಿನ ಅಲೆ ಹಿಡಿಯುವ ಏರಿಯಲ್, ಸುತ್ತಿಟ್ಟರೆ ಅದು ಸರಿಯಾಗಿ ಹಿಡಿಯದು ಎಂಬುದು ಮೆಚ್ಚಿದವರಿಗೂ ಗೊತ್ತಿರಲಿಲ್ಲ. ಮೇಜಿನ ಮೇಲೆ ಡಬ್ಬಿ ಚೆನ್ನಾಗಿಯೇ ಮಾತಾಡುತ್ತಿತ್ತು. ಮೈಮೇಲೆ ಹಾಕಿಕೊಂಡು ಬೆನ್ನು ತಿರುಗಿಸಿದರೆ ಮೈಯೇ ಅಡ್ಡವಾಗಿ ಮೂಕ.

ಸರಸಂಬಾದ ಆರು ವರ್ಷದ ಶಿವಕಾಂತಾ ಶಾಲೆಗೇ ಚಿಕ್ಕವಳು. ಹಾಗಾಗಿ ಅವಳ ಚೀಲದಲ್ಲಿ ವೈರಿನ ಸುತ್ತೂ ಹೆಚ್ಚು, ತೊಂದರೆಯೂ ಎಲ್ಲರಿಗಿಂತ ಹೆಚ್ಚು. ಹಿಂದಿನಿಂದ ಎಷ್ಟು ಕರೆದರೂ ಅವಳು ತಿರುಗುತ್ತಿರಲಿಲ್ಲ. ಈ ಮಗುವಿಗೆ ಕಲಿಕೆ ಹತ್ತುವುದಿಲ್ಲ, ಮನೆಗೆ ಕರೆದೊಯ್ಯಿರಿ ಎಂದು ಹೆಡ್ಮಾಸ್ತರ್ ಶಾಂತಲಿಂಗಪ್ಪ ತಂದೆಗೆ ಪತ್ರ ಬರೆದಿಟ್ಟರು.

"ಪತ್ರ ನಾಳಿ ಟಪಾಲಿಗೆ ಹೋಗೂದಿತ್ತು. ನನಗ ಸಮಾಧಾನ ಆಗ್ಲಿಲ್ರಿ" ಎನ್ನುತ್ತಾರೆ ವಜೀರುನ್ನಿಸಾ. "ಮೈಕಿನ ಮುಂದ ಗಡಿಯಾರ ಇಟ್ಟು, ಅಕಿ ಡಬ್ಬಿ ನಾನೇ ಹಾಕ್ಕೊಂಡು ಬೆನ್ನು ತಿರುಗಿಸಿದೆ. ಖರೇನ ಏನೂ ಕೇಳ್ಸಲಿಲ್ಲ. ಹೊಲಿಗಿ ಬಿಚ್ಚಿ ವೈರ್ ಸಡ್ಲ ಬಿಟ್ಟೆ. ಸಾಫ್ ಕೇಳ್ತು."

ಅವತ್ತೇ ಹೆಡ್ಮಾಸ್ತರ ಮುಂದೆ ನಿಂತು ಹೇಳಿದರು: "ತಪ್ಪು ಕೂಸಿಂದಲ್ರಿ ಸರ್, ನನ್ನ ಸೂಜೀದು." ಕೆಲಸ ಹೋಗಬಹುದಿತ್ತು. ಹೋಗಲಿಲ್ಲ, ಪತ್ರ ಹರಿದುಹೋಯಿತು. ಹದಿನಾಲ್ಕೂ ಚೀಲಗಳ ಹೊಲಿಗೆ ಬಿಚ್ಚಿದ್ದು ಅವರದೇ ಕೈ. ಬೇವಿನ ಮರದ ನಡಿಗೆ ಶುರುವಾದದ್ದು ಅಂದಿನಿಂದ.

ಆಸೆ ಏನೆಂದು ಕೇಳಿದರೆ ನಗುತ್ತಾರೆ. "ಇನ್ನ ಹತ್ತು ವರ್ಷ ನನ್ನ ಕಿವಿ ಕೆಡಬಾರ್ದ್ರಿ, ಅಷ್ಟ."

ಮಗುವಿಗೂ ತಪ್ಪು ಹೇಳಿಕೊಂಡಿರಾ ಎಂದು ಕೇಳುತ್ತೇನೆ.

"ಸರ್‌ಗಿಂತ ಮೊದಲ ಅಕಿಗೇ ಹೇಳೇನ್ರಿ. ಡಬ್ಬಿ ಹಾಕಿ, ಬೇವಿನ ಗಿಡದ ಕಡಿ ಮಾರಿ ಮಾಡಿ ನಿಂದರ್ಸಿದೆ. ಹಿಂದ ಬಂದು ಮೈಕ್ ಹಿಡದು ಅಂದೆ, ತಪ್ಪು ನಂದು ಶಿವಕಾಂತಾ ಅಂತ. ತಿರುಗಿ ನೋಡಿದ್ಳು."