ತೊಗರಿ ಕಾಳಿನ ಗಾಲಿ

ಈ ಸಲದ ಮಣ್ಣೆತ್ತಿನ ಅಮಾವಾಸ್ಯೆಗೆ ಕುಂಬಾರರ ಮನೆಯಿಂದ ಕರಿಮಣ್ಣು ತಂದು, ಬಿರುಕು ಬಿಡದಿರಲೆಂದು ಒಂದಿಷ್ಟು ಹತ್ತಿ ಸೇರಿಸಿ ನಾದಲು ಕೂತೆ. ನೀರು ಬಿದ್ದ ಕೂಡಲೇ ಎದ್ದಿತು ನೋಡಿ ಆ ವಾಸನೆ... ಕೈ ಅಲ್ಲೇ ನಿಂತಿತು. ಹಸಿಮಣ್ಣಿನ ವಾಸನೆಗೆ ಎಲ್ಲರಿಗೂ ಮಳೆ ನೆನಪಾಗುತ್ತದಂತೆ. ನನಗೆ ನೆನಪಾಗುವುದು ರೈಲು. ಅದೂ ನಮ್ಮ ಬಾಜು ಮನೆಯ ಕಾಕಾನ ರೈಲು.

ಕಾಲುವೆ ಕೆಲಸ ಜೋರಾಗಿದ್ದ ವರ್ಷಗಳು ಅವು. ಶಹಾಪುರದ ಹತ್ತಿರದ ಕ್ಯಾಂಪಿನಲ್ಲಿ ನನ್ನ ಗಂಡ ಗುಮಾಸ್ತ, ನಾನು ಹೊಸ ಸೊಸೆ. ಬಾಜು ಕ್ವಾರ್ಟರ್ಸಿನ ಕಾಕಾ ವರ್ಕ್‌ಶಾಪಿನಲ್ಲಿ ಫಿಟ್ಟರ್. ಹಗಲೆಲ್ಲ ಟಿಪ್ಪರು, ರೋಲರು, ಮಣ್ಣು ಅಗೆಯುವ ಪೊಕ್ಲೇನುಗಳ ಹೊಟ್ಟೆ ಬಿಚ್ಚಿ ಜೋಡಿಸಿ, ಸಂಜೆಯಾದರೆ ಕೈ ತೊಳೆದು ತಮ್ಮ ರೈಲಿನ ಮುಂದೆ ಕೂಡುತ್ತಿದ್ದರು. ವರ್ಗವಾಗಿ ಹೋದ ಎಂಜಿನಿಯರೊಬ್ಬರು ಕೊಟ್ಟುಹೋದ ಪರದೇಶದ ರೈಲು ಅದು. ಎಂಜಿನ್ನು ನನ್ನ ತೋರುಬೆರಳಿನಷ್ಟು.

ಹಳೆಯ ಬಾಗಿಲೊಂದನ್ನು ಅಡ್ಡ ಹಾಕಿ ಕಾಕಾ ಅದರ ಮೇಲೆ ಊರುಗಳನ್ನೇ ಕಟ್ಟಿದ್ದರು. ಒಂದು ತುದಿಗೆ ಯಾದಗಿರಿ ಸ್ಟೇಷನ್, ನಡುವೆ ಸಿಮೆಂಟಿನಲ್ಲಿ ಶಹಾಪುರದ ಮಲಗಿದ ಬುದ್ಧನ ಗುಡ್ಡ, ಆಚೆ ತುದಿಗೆ ಸುರಪುರ. ಆದರೆ ಗುಡ್ಡ ದಾಟಿ ಒಂದು ಗೇಣು ಹೋಗುವಷ್ಟರಲ್ಲಿ ಹಳಿಯೇ ಮುಗಿದಿತ್ತು. ಶಹಾಪುರ, ಸುರಪುರದ ಕಡೆ ನಿಜದ ಹಳಿಯೂ ಇರಲಿಲ್ಲ. ರೈಲು ಬೇಕೆಂದರೆ ಬಸ್ಸು ಹಿಡಿದು ಯಾದಗಿರಿಗೇ ಹೋಗಬೇಕು. ಕಾಲುವೆ ಬಂದ ಮೇಲೆ ಅದರ ಬೆನ್ನಿಗೇ ಹಳಿಯೂ ಬರುತ್ತದೆಂದು ಕಾಕಾ ಗಟ್ಟಿಯಾಗಿ ನಂಬಿದ್ದರು.

“ಹಳಿ ಇಲ್ಲಿಗೇ ಮುಗದದ ಅಂದ್ರ, ನೋಡಿದವ್ರು ಕೆಲಸ ನಿಂತದ ಅಂತಾರ. ಮುಂದ ನಾಕು ಮಷೀನು ನಿಂದ್ರಿಸಿದ್ರ, ಇನ್ನಾ ಹಾಕಾಕತ್ತಾರ ಅಂತಾರವ್ವಾ,” ಎಂದಿದ್ದರು ನನಗೆ.

ಆ ನಾಲ್ಕು ಮಷೀನಿಗಾಗಿ ಅವರು ಅಲೆದದ್ದು ಒಂದೆರಡು ಊರಲ್ಲ. ಯಾದಗಿರಿಯ ಸ್ಟೇಷನ್ ರಸ್ತೆ, ಸುರಪುರದ ಬಜಾರು, ಅಬ್ಬೆತುಮಕೂರಿನ ಮಠದ ಮುಂದಿನ ಆಟಿಕೆ ಅಂಗಡಿಗಳು. ಹೈದರಾಬಾದಿಗೆ ಹೋಗುವ ಲಾರಿಯವರಿಗೂ ಎಂಜಿನ್ನಿನ ಅಳತೆಗೆ ಕತ್ತರಿಸಿದ ಸುತಳಿ ಕೊಟ್ಟು ಕಳಿಸುತ್ತಿದ್ದರು. ಸಿಕ್ಕದ್ದೆಲ್ಲ ದೊಡ್ಡದು. ಒಮ್ಮೆ ಹಳದಿ ಪ್ಲಾಸ್ಟಿಕ್ ಟಿಪ್ಪರ್ ತಂದು ಹಳಿಯ ಪಕ್ಕ ಇಟ್ಟರೆ ಅದು ಬುದ್ಧನ ಗುಡ್ಡಕ್ಕಿಂತ ಎತ್ತರ!

“ಭಾಳ ಛಲೋ ಆತು ಬಿಡ್ರಿ. ರೈಲು ಕೆಟ್ರ ಇದರಾಗೇ ಹಾಕ್ಕೊಂಡು ಹೋಗಬಹುದು,” ಎಂದು ಕಾಕಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು.

ನಾನೂ ನಕ್ಕೆ. ಕಾಕಾ ನಗಲಿಲ್ಲ. ಸಕ್ಕರೆ ಕಾಯಿಲೆ ಅವರ ಕಣ್ಣಿಗೆ ಇಳಿದಿತ್ತು. ಡಾಕ್ಟರು ಕೈ ಚೆಲ್ಲಿದ್ದರು. “ಕಣ್ಣು ಇರೂತನ ಒಂದ್ಸಲ ಪೂರಾ ನೋಡಬೇಕಂತ ಆಸೆ ಅದ ಅಷ್ಟ,” ಎಂದರು.

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ, ಹಾಗಾಗಿತ್ತು ನಮ್ಮ ಕತೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುತ್ತ ಕೂತಿದ್ದಾಗ ಹೊಳೆಯಿತು. ಉಳಿದ ಮಣ್ಣಿನಲ್ಲಿ ಪುಟ್ಟದೊಂದು ಟಿಪ್ಪರ್ ಮಾಡಿ, ಗಾಲಿಗೆ ತೊಗರಿ ಕಾಳು ಒತ್ತಿದೆ. ಎಂಜಿನ್ನಿಗೆ ಸರಿಜೋಡಿ! ಆಮೇಲೆ ರೋಲರ್, ಡೋಜರ್, ಕಸಬರಿಗೆ ಕಡ್ಡಿಯ ತೋಳಿನ ಪೊಕ್ಲೇನ್. ಕಾಕಾ ಅವನ್ನು ಕಣ್ಣಿನ ಹತ್ತಿರ ಹಿಡಿದು ಹಿಡಿದು ನೋಡಿದರು. “ಒಣಗಲಿ. ಹಸೀದು ಇಟ್ರ ಕಾಳು ಕಿತ್ತಾವು. ಒಣಗಿದ ಮ್ಯಾಲ ಕೂಡಿಸಿ ಎಲ್ಲಾ ಒಮ್ಮೆಲೆ ನೋಡ್ತೀನಿ,” ಎಂದು ತಮ್ಮ ಮನೆಯ ದೇವರ ಜಗುಲಿಯ ಮೇಲೆ ಎತ್ತುಗಳ ಬಾಜು ಸಾಲಾಗಿ ಇಟ್ಟರು.

ತಪ್ಪಿದ್ದು ಅಲ್ಲೇ. ಅಮಾವಾಸ್ಯೆಯ ದಿನ ಕಾಕಿ ಎತ್ತುಗಳಿಗೆ ವಿಭೂತಿ, ಕುಂಕುಮ ಹಚ್ಚಿದವಳು ಬಾಜು ಇದ್ದವಕ್ಕೂ ಹಚ್ಚಿದಳು. ಜಗುಲಿಯ ಮೇಲಿದ್ದ ಮಣ್ಣು ದೇವರಲ್ಲದೆ ಮತ್ತೇನು? ಆ ವರ್ಷವೇ ನಮ್ಮ ಕಡೆಯ ಕಾಲುವೆಗೆ ಮೊದಲ ನೀರು ಬಿಟ್ಟಿದ್ದರು. ಮರುದಿನ ಕಾಕಾ ಕೆಲಸಕ್ಕೆ ಹೋದಾಗ, ಎತ್ತುಗಳ ಜೊತೆಗೆ ಎಲ್ಲವನ್ನೂ ಬುಟ್ಟಿಯಲ್ಲಿ ಹೊತ್ತು ಹೋಗಿ ಭಕ್ತಿಯಿಂದ ನೀರಿಗೆ ಬಿಟ್ಟು ಬಂದಳು.

“ಪೂಜಿ ಆದ ಮಣ್ಣು ಮನ್ಯಾಗ ಇಡಬಾರದವ್ವಾ...” ವಿಷಯ ತಿಳಿದ ಮೇಲೆ ನನ್ನ ಮುಂದೆ ಕೂತು ಅತ್ತೇ ಅತ್ತಳು. ಕಾಕಾ ಬಂದರು, ಖಾಲಿ ಜಗುಲಿ ನೋಡಿದರು.

“ಅಳಬ್ಯಾಡ. ಕಾಲುವಿ ಮಷೀನು ಕಾಲುವಿಗಿ ಹೋಗ್ಯಾವ,” ಎಂದರು.

ನಾನು ಆ ಸಂಜೆಯೇ ಮತ್ತೆ ಮಣ್ಣು ಕಲಸಿದೆ. ಆದರೆ ಜಡಿಮಳೆ ಹಿಡಿದು ಮಣ್ಣು ಒಣಗಲೇ ಒಲ್ಲದು. ಅವು ಒಣಗುವಷ್ಟರಲ್ಲಿ ಕಾಕಾಗೆ ಎಲ್ಲ ಮಂಜು ಮಂಜಾಗಿತ್ತು... ಆದರೂ ಹಳಿಯ ತುದಿಗೆ ಮಷೀನು ನಿಲ್ಲಿಸಿ, ಅವರನ್ನು ಹಲಗೆಯ ಮುಂದೆ ಕೂಡಿಸಿದೆವು. ಹಳಿಯ ಮೇಲೆ ಬೆರಳಾಡಿಸುತ್ತ ಅದು ಮುಗಿಯುವಲ್ಲಿಗೆ ಬಂದರು. ಟಿಪ್ಪರಿನ ತೊಗರಿ ಗಾಲಿ ಮುಟ್ಟಿ ನಕ್ಕರು. ಪೊಕ್ಲೇನಿಗೆ ಬಂದಾಗ ಬೆರಳು ನಿಂತಿತು.

“ಇದರ ಬಾಯಿ ಯಾದಗಿರಿ ಕಡಿ ಯಾಕ ಮಾಡೀದಿ? ಹಳಿ ಹಿಂದಕ್ಕ ಹೋಗ್ತದೇನು? ಸುರಪುರ ಕಡಿ ತಿರುವು.”

ತಿರುಗಿಸಿದೆ. ಮತ್ತೊಮ್ಮೆ ಮುಟ್ಟಿ ನೋಡಿ, “ಹಾಂ, ಈಗ ಕೆಲಸ ನಡದದ,” ಎಂದರು. ನಾನು ಮುಖ ಆ ಕಡೆ ಮಾಡಿಕೊಂಡು ಅತ್ತೆ. ಅವರಿಗೆ ಕಾಣುವುದಿಲ್ಲ ಎನ್ನುವುದನ್ನು ನಾನೂ ಮರೆತಿದ್ದೆ.

ಆಮೇಲೆ ಕ್ಯಾಂಪು ಖಾಲಿಯಾಯಿತು, ನಾವು ಶಹಾಪುರಕ್ಕೆ ಮನೆ ಮಾಡಿದೆವು. ಕಾಕಾ ಹೋದರು, ಹಿಂದೆಯೇ ಕಾಕಿ. ಆ ಹಲಗೆ ಏನಾಯಿತೋ... ಗೆದ್ದಲು ತಿಂದಿತು ಎಂದು ಯಾರೋ ಹೇಳಿದ ನೆನಪು. ನಮ್ಮೂರಿಗೆ ಹಳಿ ಇವತ್ತಿಗೂ ಬಂದಿಲ್ಲ.

ಈ ಸಲ ಎತ್ತು ಮಾಡಿ ಮುಗಿಸಿದ ಮೇಲೆ, ಉಳಿದ ಮಣ್ಣಿನಲ್ಲಿ ಒಂದು ಪೊಕ್ಲೇನ್ ಮಾಡಿದೆ. ಎತ್ತುಗಳಿಗೆ ಕುಂಕುಮ ಹಚ್ಚಿದೆ, ಮರುದಿನ ಕಾಲುವೆಗೆ ಬಿಟ್ಟು ಬಂದೆ. ಪೊಕ್ಲೇನಿಗೆ ಹಚ್ಚಲಿಲ್ಲ. ಪೂಜೆ ಆಗದ ಮಣ್ಣನ್ನು ಮನೆಯಲ್ಲಿ ಇಟ್ಟುಕೊಳ್ಳಬಹುದು. ಕಿಟಕಿಯ ಕಟ್ಟೆಯ ಮೇಲೆ, ಬಾಯಿ ಸುರಪುರದ ಕಡೆ ಮಾಡಿ ಇಟ್ಟಿದ್ದೇನೆ.