ಕೈ ಆಡ್ಸಿದ್ರ ಹತ್ತೋ ಲೈಟು

ನಮ್ಮನಿಯವ್ರಿಗೆ ಒಂದು ಹುಚ್ಚು ಅದ. ಮನಿಗೆ ಬುದ್ಧಿ ಕಲಿಸೋ ಹುಚ್ಚು. ಕಲಬುರಗಿ ಖೂಬಾ ಪ್ಲಾಟ್‌ನ ನಮ್ಮ ಮನ್ಯಾಗ ಛಂದಾಗಿ ನಡೀಲಾಕತ್ತಿದ್ದ ಬಟನ್‌ಗಳನ್ನೆಲ್ಲಾ ಕಿತ್ತಿ, ಮೂಲಿ ಮೂಲಿಗೆ ಬಿಳಿ ಡಬ್ಬಿಯಂಥ ಸೆನ್ಸರ್ ಹಚ್ಚಿದ್ರು. ಮನಷ್ಯಾ ಒಳಗ ಬಂದ್ರ ಲೈಟ್ ಹತ್ತತದಂತ, ಪಂಖಾ ತಿರಗತದಂತ, ಹೋದ್ರ ತಾನೇ ಬಂದಾಗತದಂತ. ಮನಿಗೆ ಬಂದವ್ರಿಗೆಲ್ಲಾ ಇದೇ ಪುರಾಣ. ಚಹಾ ಆರಿ ತಣ್ಣಗಾದ್ರೂ ಮುಗೀತಿದ್ದಿಲ್ಲ. ಬಟನ್ ಒತ್ತಿದ್ರ ನಿಮ್ಮ ಬೆರಳು ಸವೀತಾವೇನ್ರಿ ಅಂತ ಕೇಳ್ದೆ. "ನಿನಗ ತಿಳಿಯಂಗಿಲ್ಲ ಬಿಡು" ಅಂದ್ರು.

ಹೋದ ಬ್ಯಾಸಿಗಿಗೆ ಕಮಲಾಪುರದಿಂದ ಅತ್ತಿ ಬಂದ್ರು. ಅಲ್ಲಿ ದೊಡ್ಡ ಮಗನ ಸಂಸಾರದಾಗ ಇರೋರು. ಮೊಣಕಾಲು ಹಿಡ್ಕೊಂಡಿದ್ವು, ತೋರಸೋ ದವಾಖಾನಿ ನಮ್ಮ ಮನಿಗೆ ಸನೀಪ. ಮಳಿಗಾಲ ತನಕ ಇರ್ರಿ ಅಂತ ನಾ ಗಂಟು ಬಿದ್ದೆ. ಖರೇ ಹೇಳ್ತೀನಿ, ಅವ್ರ ಕಾಲಿನ ಚಿಂತಿಗಿಂತ ನನ್ನ ಆಸೆ ದೊಡ್ಡದಿತ್ತು. ಈ ಮನ್ಯಾಗ ಮಷೀನ್ ಬಿಟ್ಟು ಬ್ಯಾರೆ ಮಾತು ಆಡೋರು ಅವ್ರೊಬ್ರೇ. ಅತ್ತಿ ಒಂದೇ ಕರಾರು ಹಾಕಿದ್ರು: "ನನ್ನ ಲಿಂಗಪೂಜಿಗೆ ತ್ರಾಸ ಆಗಬಾರ್ದು ನೋಡ್ ತಂಗಿ. ಅದೊಂದು ನಡೀತಂದ್ರ ನಾ ಇರ್ತೀನಿ."

"ಅಷ್ಟೇ ಏನ್ರಿ?" ಅಂತ ನಕ್ಕೆ, ಹುಚ್ಚಿ ನಾನು.

ನಮ್ಮ ಪೂಜಿ ಖೋಲಿ ನಡುಮನಿಗೆ ಹತ್ತಿದ್ದು, ಕಿಡಕಿ ಇಲ್ಲ. ಅತ್ತಿ ಮುಂಜಾನೆ ಜಳಕಾ ಮಾಡಿ, ಹಣಿಗೆ ಈಬತ್ತಿ ಹಚ್ಕೊಂಡು, ಸಣ್ಣ ಸ್ಟೂಲಿನ ಮ್ಯಾಲ ಕುಂತು ಎಡಗೈಯಾಗ ಲಿಂಗ ಇಟ್ಕೊಂಡ್ರಂದ್ರ ಅಲುಗಾಡಂಗಿಲ್ಲ. ದೃಷ್ಟಿ ಲಿಂಗದ ಮ್ಯಾಲೇ. ಸೆನ್ಸರ್‌ಗೆ ಏನ್ ತಿಳೀಬೇಕು ಇದು? ಅಲುಗಾಡಲಿಲ್ಲಂದ್ರ ಮನಷ್ಯಾನೇ ಇಲ್ಲ ಅಂತ ಅದರ ಲೆಕ್ಕ. ಮೊದಲ ದಿನಾನೇ ಗಪ್ಪಂತ ಲೈಟ್ ಹೋತು, ಪಂಖಾ ನಿಂತಿತು. ಕಲಬುರಗಿ ಬ್ಯಾಸಿಗಿ. ಅತ್ತಿ ಕತ್ತಲ್ಯಾಗ ಬೆವರಿಲೆ ತೊಯ್ದು ತಪ್ಪಡಿ. ಹೊರಗ ಇವ್ರ ಫೋನಿಗೆ ಸುದ್ದಿ ಬಂದಿತ್ತು: "ಪೂಜಾ ಕೋಣೆ: ಯಾರೂ ಇಲ್ಲ."

"ಅವ್ವಾ, ನಡುನಡುವ ಸ್ವಲ್ಪ ಕೈ ಆಡ್ಸು" ಅಂದ್ರು ಮಗರಾಯರು. ಕುಣಿಲಾಕ ಬರಲಾರದಾಕಿ ನೆಲ ಡೊಂಕ ಅಂದಳಂತ.

ಆಮ್ಯಾಲ ಶುರು ಆತು ರಿಪೇರಿ. ಸೆನ್ಸರ್ ಮ್ಯಾಲಿಂದ ಕೆಳಗ ತಂದ್ರು, ಎಡಕ್ಕಿದ್ದದ್ದು ಬಲಕ್ಕ ಹಚ್ಚಿದ್ರು. ಲೈಟ್ ಆರೋ ಟೈಮ್ ಹೆಚ್ಚು ಮಾಡಿದ್ರು. ಅತ್ತಿ ಪೂಜಿ ಅದಕ್ಕಿಂತ ಉದ್ದ. "ಅವ್ವ ಎಷ್ಟೊತ್ತು ಕುಂದ್ರತಾಳ ಅಂತ ಪಕ್ಕಾ ಇಲ್ಲ, ಅದೇ ಪ್ರಾಬ್ಲಮ್" ಅಂದ್ರು. ಅಯ್ಯ, ಪ್ರಾಬ್ಲಮ್ ಅವ್ವಂದು! ನಾ ಟೇಬಲ್ ಫ್ಯಾನ್ ತಂದಿಟ್ರ ಅದರ ಪ್ಲಗ್ಗಿಗೂ ಇವ್ರ ಮಷೀನೇ, ಲೈಟಿನ ಕೂಡ ಅದೂ ಬಂದ್. ಸೆನ್ಸರ್ ಮತ್ತಷ್ಟು ಚುರುಕು ಮಾಡಿದ್ರು. ಈಗ ಬಾಜೂ ಮನಿ ಬೆಕ್ಕು ಹೊಕ್ರೂ ಲೈಟು, ಪಂಖಾ, ಎಲ್ಲಾ ಮರ್ಯಾದಿ. ಅತ್ತಿ ಕುಂತ್ರ ಮತ್ತ ಕತ್ತಲಿ. ಬೆಕ್ಕಿಗಿದ್ದ ಕಿಮ್ಮತ್ತು ಹೆತ್ತಾಕಿಗಿಲ್ಲ! ಥೂ, ಹಳೇ ಬಟನ್ ಹಚ್ರಿ ಅಂತ ಜಗಳಾಡ್ದೆ. "ಒಂದು ಖೋಲಿಗಿ ಬಟನ್ ಹಚ್ಚಿದ್ರ ನೋಡಿದವ್ರು ನಗತಾರ. ಇನ್ನೊಂದ್ ಸ್ವಲ್ಪ ತಡಿ" ಅಂದ್ರು.

ಒಂದು ಮುಂಜಾನೆ ಹೂವು ಕೊಡಲಾಕ ಹೋದೆ. ಅತ್ತಿ ಎಡಗೈಯಾಗ ಲಿಂಗ ಹಿಡದು, ಬಲಗೈ ತಲಿ ಮ್ಯಾಲ ಎತ್ತಿ ಕಾಗಿ ಹೊಡದಂಗ ಬೀಸ್ಲಾಕತ್ತಿದ್ರು. ಕಣ್ಣು ಲಿಂಗದ ಮ್ಯಾಲ ಇದ್ದಿಲ್ಲ, ಗ್ವಾಡಿ ಮ್ಯಾಲಿನ ಆ ಬಿಳಿ ಡಬ್ಬಿ ಮ್ಯಾಲಿದ್ವು. ನನ್ನ ನೋಡಿ ನಾಚಿ ಕೈ ಇಳಿಸಿದ್ರು.

ಅವತ್ತೇ ಗಂಟು ಕಟ್ಟಿದ್ರು. "ತಂಗಿ, ನಾ ಇದ್ದೀನಿ ಅಂತ ದಿನಾ ಕೈ ಎತ್ತಿ ಹೇಳೋದು ನನ್ನಿಂದ ಆಗಂಗಿಲ್ಲವ್ವಾ. ಕಾಲು ನೋಯ್ತಾವ, ನೋಯ್ಲಿ." ಕೈ ಹಿಡದು ಬೇಡ್ಕೊಂಡೆ, ಕೇಳಲಿಲ್ಲ. ಮಗನಿಗೆ ಒಂದ್ ಮಾತೂ ಅನ್ನಲಿಲ್ಲ. ಇವ್ರೇ ಕಮಲಾಪುರ ಬಸ್ಸಿಗೆ ಹತ್ತಿಸಿ ಬಂದ್ರು.

ಮರುದಿನ ಪೂಜಿ ಖೋಲಿಯಾಗ ನಾ ಹೂವು ಏರಿಸಿ ಹೊರಗ ಬಂದೆ. ಸ್ವಲ್ಪ ಹೊತ್ತಿಗೆ ಇವ್ರ ಫೋನು ಟಿಣ್ ಅಂತು. "ಪೂಜಾ ಕೋಣೆ: ಯಾರೂ ಇಲ್ಲ."

"ಶಭಾಶ್! ಇವತ್ತ ನಿಮ್ಮ ಮಷೀನ್ ಬರೋಬ್ಬರಿ ಹೇಳ್ಯಾದ ನೋಡ್ರಿ" ಅಂದೆ.

ಇವ್ರು ಫೋನ್ ಕೆಳಗಿಟ್ರು. ಎದ್ದು ಹೋಗಿ ಅವ್ವನ ಸ್ಟೂಲಿನ ಮ್ಯಾಲ ಕುಂತ್ರು. ಲೈಟ್ ಹತ್ತಿತು, ಪಂಖಾ ತಿರುಗಿತು. ಕುಂತೇ ಕುಂತ್ರು, ಅಲುಗಾಡಲಿಲ್ಲ. ಆಮ್ಯಾಲ ಗಪ್ಪಂತ ಕತ್ತಲಿ. ಆದ್ರೂ ಎದ್ದು ಬರಲಿಲ್ಲ.

ನಾ ಅಡಗಿಮನಿಯಿಂದಲೇ ಒದರಿದೆ: "ಸ್ವಲ್ಪ ಕೈ ಆಡ್ಸ್ರಿ!"